ಹೊಸ ತೊಟ್ಟಿಯ ನೀರು

“ತಾತ, ಬಿಡ್ಬೇಡ! ಒಂದೇ ನಿಮಿಷ!”

ನಯನಾ ಓಡಿಬಂದು ಬಕೆಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅದರಲ್ಲಿ ಮೂರು ಕಿತ್ತಳೆ ಬಣ್ಣದ ಮೀನುಗಳಿದ್ದವು. ಕೋಗಿಲು ಊರಿನ ಅವರ ಮನೆಯ ಹಿತ್ತಲಲ್ಲಿ ತಾತ ಅವಳಿಗಾಗಿಯೇ ಸಿಮೆಂಟ್ ತೊಟ್ಟಿ ಕಟ್ಟಿದ್ದರು. ಕಟ್ಟಿ ಇನ್ನೂ ಒಂದು ವಾರವಷ್ಟೇ ಆಗಿತ್ತು.

“ಏನೇ ನಿಂದು? ಮೀನು ಬೇಕು ಅಂತ ಕುಣಿದಿದ್ದು ನೀನೇ ತಾನೆ?”

“ನೀರಿನ ಲಿಲಿ ಗಿಡದ ಎಲೆ ನೋಡು ತಾತ. ತೊಟ್ಟಿಗಿಟ್ಟು ಮೂರೇ ದಿನ. ಅಂಚೆಲ್ಲಾ ಸುಟ್ಟೋಗಿದೆ!”

“ಬಿಸಿಲಿಗೆ ಅಂಗಾಗೈತೆ.”

ನಯನಾ ಸ್ಕೂಲಿನಲ್ಲಿ ಅರಿಶಿನ ಬಳಿದು ಮಾಡಿದ್ದ ಪರೀಕ್ಷೆ ಕಾಗದದ ಒಂದು ತುಂಡನ್ನು ನೀರಿಗೆ ಅದ್ದಿದಳು. ಹಳದಿ ಕಾಗದ ನೋಡನೋಡುತ್ತಲೇ ಕೆಂಪಾಯಿತು.

ಬಟ್ಟೆ ಒಣಹಾಕುತ್ತಿದ್ದ ಅಜ್ಜಿ ಬಗ್ಗಿ ನೋಡಿ ನಕ್ಕೇಬಿಟ್ಟರು. “ಅಯ್ಯೋ, ಆರತಿ ನೀರು ಕಣ್ರೀ! ಅರಿಶಿನಕ್ಕೆ ಸುಣ್ಣ ಸೋಕಿದ್ರೆ ಇಂಗೇ ಅಲ್ವಾ? ನಿಮ್ಮ ಸಿಮೆಂಟು ಸುಣ್ಣ ಬಿಡ್ತೈತೆ, ಮೀನು ಉಳಿಯಲ್ಲ.”

ತಾತ ನಗಲಿಲ್ಲ. “ನಲವತ್ತು ವರ್ಷ ಮನೆ ಕಟ್ಟಿಸಿದೀನಿ. ನನ್ನ ಕೆಲಸದಾಗೆ ತಪ್ಪು ಹುಡುಕ್ತೀರಾ?” ಎಂದು ಒಳಗೆ ಹೋಗಿಬಿಟ್ಟರು.

ನಯನಾ ಬಕೆಟ್ಟನ್ನು ನೆರಳಿಗೆ ಎಳೆದಿಟ್ಟಳು. ಅವಳಿಗೆ ಮೀನುಗಳೂ ಬದುಕಬೇಕಿತ್ತು. ತಾತನೂ ನಗಬೇಕಿತ್ತು.

ಮರುದಿನ ಅವಳು ಸ್ಕೂಲಿನಿಂದ ಬಂದಾಗ, ತಾತ ಪಂಚೆ ಎತ್ತಿ ಕಟ್ಟಿಕೊಂಡು ಬಾಳೆದಿಂಡು ಕೊಚ್ಚಿ ಕೊಚ್ಚಿ ತೊಟ್ಟಿಗೆ ಹಾಕುತ್ತಿದ್ದರು. ಲಿಲಿಯನ್ನು ಆಗಲೇ ಬೇರೆ ಬಕೆಟ್ಟಿಗೆ ಇಟ್ಟಿದ್ದರು.

“ಏನ್ ತಾತ ಇದು?”

“ಇದು ಕೊಳೆತ್ರೆ ಸಿಮೆಂಟಿನ ಸುಣ್ಣದ ಕಾರ ಇಳೀತೈತೆ. ನಂಗೂ ಗೊತ್ತಿತ್ತು ಕಣೇ. ನಿಂಗೆ ಬೇಗ ಮೀನು ತೋರಿಸ್ಬೇಕು ಅಂತ ಆತುರ ಬಿದ್ದೆ,” ಎಂದರು ತಾತ, ಅವಳ ಮುಖ ನೋಡದೆ. “ನೀನು ದಿನಾ ಕಾಗದ ಅದ್ದು. ಅದು ಕೆಂಪಾಗೋದು ನಿಲ್ಲೋವರ್ಗೂ ಮೀನು ಬಿಡೋದು ಬೇಡ.”

ಮೀನುಗಳು ಬಚ್ಚಲುಮನೆಯ ದೊಡ್ಡ ಟಬ್ಬಿಗೆ ಹೋದವು.

“ಸ್ನಾನಕ್ಕೆ ಹೋದ್ರೆ ಮೂರು ಜನ ನಿಂತ್ಕೊಂಡು ನೋಡ್ತಾರಮ್ಮ,” ಎಂದು ಅಪ್ಪ ಗೊಣಗಿದರು.

“ಅವೇ ನಾಚ್ಕೊಂಡು ಅತ್ಲಾಗೆ ತಿರುಗ್ಕೊಂತವೆ, ಓಗಪ್ಪ,” ಎಂದರು ಅಜ್ಜಿ.

ತೊಟ್ಟಿಯ ನೀರು ಕಂದು ಬಣ್ಣಕ್ಕೆ ತಿರುಗಿತು, ಗಬ್ಬೆಂದು ನಾರಿತು. ತಾತ ಅದನ್ನು ಚೆಲ್ಲಿ, ಉಜ್ಜಿ, ಮತ್ತೆ ತುಂಬಿದರು. ನಯನಾ ದಿನವೂ ಬ್ಯಾಗು ಇಳಿಸುವ ಮೊದಲೇ ಹಿತ್ತಲಿಗೆ ಓಡುತ್ತಿದ್ದಳು. ಕೆಂಪು. ಕೆಂಪು. ಸ್ವಲ್ಪ ಕಮ್ಮಿ ಕೆಂಪು. ಒಂದು ದಿನ ಅಂಚು ಮಾತ್ರ.

ಮೂರನೆಯ ಭಾನುವಾರ ಕಾಗದ ಹಳದಿಯಾಗಿಯೇ ಉಳಿಯಿತು.

“ಏನಮ್ಮ ಇಂಜಿನಿಯರಮ್ಮ, ಬಿಡ್ಬೋದಾ?” ತಾತ ಆಗಲೇ ಬಕೆಟ್ಟಿನಲ್ಲಿ ಮೀನು ತಂದಿದ್ದರು.

ನಯನಾ ಇನ್ನೊಂದು ಕಾಗದ ಅದ್ದಿ ಕಾದಳು. ಅದೂ ಹಳದಿ!

“ಬಿಡೋಣ ತಾತ!”

ಬಕೆಟ್ಟು ನೀರಿಗೆ ವಾಲಿತು. ಎರಡು ಮೀನು ಸರ್ರನೆ ಹೊರಟವು. ಅಜ್ಜಿ ಚಪ್ಪಾಳೆ ತಟ್ಟಿದರು. ಮೂರನೆಯದು ಮಾತ್ರ ಬಕೆಟ್ಟಿನ ತಳದಲ್ಲೇ ಬಾಲ ಆಡಿಸುತ್ತಾ ನಿಂತಿತು.

“ಬಕೆಟ್ ತಟ್ಲೇನೇ?”

“ಬೇಡ ತಾತ. ಅದಕ್ಕೆ ಇದು ಹೊಸ ಜಾಗ ಅಲ್ವಾ. ತಾನಾಗೇ ಬರ್ಲಿ.”

ತಾತ ಅವಳನ್ನೊಮ್ಮೆ ನೋಡಿದರು. ಎತ್ತಿದ ಕೈ ಇಳಿಸಿ, ಅವಳ ಪಕ್ಕದಲ್ಲೇ ಕಟ್ಟೆಯ ಮೇಲೆ ಕುಳಿತರು.