ಕಣಿವೆಗೆ ಕಟ್ಟಿದ ಜೋಲುಹಗ್ಗ

ವಾಕಿಟಾಕಿಯಲ್ಲಿ ಅತ್ತಿಗೆಯ ಧ್ವನಿ ಕೇಳಿದ್ದೇ ತರಬೇತಿ ಕೇಂದ್ರದ ವರ್ಕ್‌ಶಾಪಿನಲ್ಲಿದ್ದ ಫಿಟ್ಟರ್ ಕಬ್ಬಿಣ ಉಜ್ಜುವ ಅರವನ್ನು ಮೇಜಿನ ಮೇಲೆ ಎಸೆದ. ಅವನ ಅಣ್ಣ ಕಣಿವೆಯಾಚೆಯ ಮಳೆ ಅಳೆಯುವ ಠಾಣೆಯ ಕಾವಲುಗಾರ. ಬಂಡೆಯಿಂದ ಜಾರಿ ಮೊಣಕಾಲ ಕೆಳಗೆ ಮೂಳೆ ಮುರಿದುಕೊಂಡಿದ್ದಾನೆ. ದಾಟಿಸೋಣವೆಂದರೆ ತೂಗುಸೇತುವೆಯನ್ನು ಹೊಳೆ ನುಂಗಿದೆ.

"ಬೆರಳು ನೀಲಿಯಾಗ್ತಿವೆ ಕಣಪ್ಪ. ವೈರ್‌ಲೆಸ್ಸಲ್ಲಿ ಕೇಳಿದ್ರೆ, ಇವತ್ತೇ ಆಸ್ಪತ್ರೆ ಸೇರದಿದ್ರೆ ಕಾಲು ಉಳಿಯಲ್ಲ ಅಂತಿದಾರೆ ಡಾಕ್ಟ್ರು."

ಮೇಲಿನ ಆಫೀಸಿಗೆ ಸುದ್ದಿ ಮುಟ್ಟಿಸಿದ್ದಾಯಿತು. ಮಂಜು ಕವಿದಿದೆ, ಹೆಲಿಕಾಪ್ಟರ್ ಹಾರಲ್ಲ, ನೀರು ಇಳಿಯುವ ತನಕ ತಾಳಿ ಎಂದರು. ತಾಳಬೇಕಂತೆ! ಕಾಲು ಅವರದ್ದಾಗಿದ್ದರೆ ತಾಳುತ್ತಿದ್ದರಾ?

ಕೇಂದ್ರದಲ್ಲಿ ಲೆಕ್ಕ ಕಲಿಸುವ ಮೇಡಂ ಬೋರ್ಡು ಒರೆಸುವುದನ್ನು ಅರ್ಧಕ್ಕೇ ಬಿಟ್ಟು ಬಂದರು. "ಸ್ಟೋರಿನಿಂದ ಉಕ್ಕಿನ ಹಗ್ಗ ತನ್ನಿ. ರಾಟೆ, ಹಗ್ಗ ಬಿಗಿಯೋ ರಾಚೆಟ್, ಸ್ಟ್ರೆಚರ್. ನಾವೇ ಹೋಗೋಣ."

"ಹಗ್ಗದ ಮೇಲೆ ಮನುಷ್ಯನ್ನ ತರೋದಾ?" ಎಂದ ವೆಲ್ಡರ್. ಮಾತಿಗೆ ಮೊದಲೇ ಸಿಡಿಯುತ್ತಿದ್ದುದರಿಂದ ಎಲ್ಲರೂ ಅವನನ್ನು ಕಿಡಿ ಎಂದೇ ಕರೆಯುತ್ತಿದ್ದರು.

"ಹೆಗಲ ಮೇಲೆ ತರ್ತೀಯಾ? ಹಾಗಾದ್ರೆ ಈಜು," ಎಂದರು ಮೇಡಂ.

ಕಿಡಿ ಹಗ್ಗದ ಸುರುಳಿಯನ್ನು ಹೆಗಲಿಗೇರಿಸಿದ.

ಕಾಡಿನೊಳಗೆ ದಾರಿ ಎಂಬುದು ಬರೀ ಹೆಸರಿಗೆ. ಮರಗಳ ಬೇರುಗಳು ಹಾವುಗಳಂತೆ ಒಂದರ ಮೇಲೊಂದು ಹೊರಳಿಕೊಂಡಿದ್ದವು, ಮಂಜು ಎಲೆಯಿಂದ ಎಲೆಗೆ ತೊಟ್ಟಿಕ್ಕಿ ಬಟ್ಟೆಯೊಳಗೆ ಇಳಿಯುತ್ತಿತ್ತು, ಏರು ಮುಗಿಯಿತು ಎನ್ನುವಾಗಲೆಲ್ಲ ಮಂಜಿನ ಹಿಂದಿನಿಂದ ಇನ್ನೊಂದು ಏರು ತಲೆ ಎತ್ತುತ್ತಿತ್ತು. ಹೊಳೆ ಕಾಣುವ ಮೊದಲೇ ಅದರ ಸದ್ದು ನೆಲದ ಮೂಲಕ ಅಂಗಾಲಿಗೆ ಬಂತು. ಕೊನೆಯ ತಿರುವು ದಾಟಿದರೆ ಕಣಿವೆ ಬಾಯಿ ತೆರೆದು ನಿಂತಿತ್ತು. ಕೆಳಗೆ ಕೆಂಪು ನೀರು, ಎರಡೂ ದಡದಲ್ಲಿ ಹಳೇ ಸೇತುವೆಯ ಕಬ್ಬಿಣದ ಕಂಬಗಳು, ನಡುವೆ ಹರಿಯದೆ ಉಳಿದ ಒಂದೇ ಒಂದು ತೆಳು ತಂತಿ.

ಎದುರು ದಡದಲ್ಲಿ ಅತ್ತಿಗೆ ಕೈ ಬೀಸಿದಳು. ಅವಳ ಪಕ್ಕದಲ್ಲಿ ಅಣ್ಣ ಕಂಬಳಿ ಹೊದ್ದು ಮಲಗಿದ್ದ.

ಮೇಡಂ ಕಂಬದಿಂದ ದಡದ ಗುಂಟ ನಡೆಯುತ್ತಾ ಹೋದರು. ಎದುರಿನ ಕಂಬ ಸರಿಯಾಗಿ ನಲವತ್ತೈದು ಡಿಗ್ರಿಗೆ ಕಂಡಲ್ಲಿ ನಿಂತು, ನಡೆದ ದೂರಕ್ಕೆ ಟೇಪು ಹಿಡಿದರು. ಆ ಕೋನದಲ್ಲಿ ನಡೆದಷ್ಟೇ ಹೊಳೆಯ ಅಗಲ. "ನಲವತ್ತು ಮೀಟರ್. ನಿಮ್ಮಣ್ಣನ ತೂಕ ಕೇಳು."

"ಎಪ್ಪತ್ತು!" ಎಂದ ಅಣ್ಣ ವಾಕಿಟಾಕಿಯಲ್ಲಿ.

"ಸುಳ್ಳು!" ಅತ್ತಿಗೆ ಕಿತ್ತುಕೊಂಡಳು. "ಮದುವೇಲಿ ಎಪ್ಪತ್ತು. ಈಗ ಎಂಬತ್ತೈದು."

"ಲೇ, ಸಾಯೋ ಹೊತ್ತಲ್ಲೂ ಮಾನ ಕಳೀತೀಯಲ್ಲೇ!"

"ಸಾಯಬಾರದು ಅಂತಾನೇ ಹೇಳ್ತಿರೋದು."

ಸ್ಟ್ರೆಚರ್ ಸೇರಿ ನೂರು ಕಿಲೋ ಎಂದು ಮೇಡಂ ಲೆಕ್ಕ ಹಾಕಿದರು. ಭಾರವನ್ನು ಅಗಲದಿಂದ ಗುಣಿಸಿ, ನಡುವೆ ಹಗ್ಗ ಜೋಲುವ ಆಳದ ನಾಲ್ಕರಷ್ಟರಿಂದ ಭಾಗಿಸಿದರೆ ಹಗ್ಗದ ಮೇಲಿನ ಎಳೆತ. ಹಗ್ಗ ಸುರಕ್ಷಿತವಾಗಿ ತಡೆಯುವುದು ಏಳುನೂರು ಕಿಲೋ. ಅಂದರೆ ಭಾರ ಬಿದ್ದಾಗ ಹಗ್ಗ ಒಂದೂವರೆ ಮೀಟರ್ ಜೋಲಬೇಕು. ಹಾಗೆ ಜೋತರೆ ಸ್ಟ್ರೆಚರಿನ ತಳಕ್ಕೂ ನೀರಿಗೂ ಉಳಿಯುವುದು ಅರ್ಧ ಮೀಟರ್.

ಹಳೇ ತಂತಿಗೆ ಗಂಟುಹಾಕಿ ಹೊಸ ಹಗ್ಗವನ್ನು ಅತ್ತಿಗೆ ಎಳೆದುಕೊಂಡಳು, ಕಂಬಕ್ಕೆ ಸುತ್ತಿ, ಹಗ್ಗದ ಜೊತೆ ಕಳಿಸಿದ್ದ ಕ್ಲಾಂಪು ಬಿಗಿದಳು. ಈಚೆ ದಡದ ರಾಚೆಟ್ ಫಿಟ್ಟರ್ ಕೈಯಲ್ಲಿತ್ತು.

ಅರ್ಧ ಮೀಟರ್! ಅವನ ಎದೆ ಒಪ್ಪಲಿಲ್ಲ. ವರ್ಕ್‌ಶಾಪಿನಲ್ಲಿ ಸಡಿಲ ಎಂದರೆ ಬೈಗುಳ, ಸಡಿಲ ಬಿಟ್ಟವನು ಫಿಟ್ಟರೇ ಅಲ್ಲ. ಮೇಡಂ ಆಚೆ ತಿರುಗಿದಾಗ ಹಿಡಿಯನ್ನು ಇನ್ನಷ್ಟು ತಿರುವಿದ. ಹಗ್ಗ ವೀಣೆಯ ತಂತಿಯಂತೆ ನೆಟ್ಟಗಾಯಿತು. ನೋಡಲು ಎಷ್ಟು ಚೆಂದ!

ಮೊದಲು ನೂರು ಕಿಲೋ ಕಲ್ಲಿನ ಚೀಲ ಕಳಿಸಿದರು. ಚೀಲ ಹೊಳೆಯ ನಡುವೆ ಬಂತು.

ಚಟ್!

ಕಂಬದ ಬುಡದ ಕಾಂಕ್ರೀಟು ಸೀಳಿತು.

"ಬಗ್ಗಿ!" ಎಂದು ಕೂಗಿದ ಕಿಡಿ. ಕಂಬ ಹೊಳೆಯ ಕಡೆ ವಾಲಿತು, ನಿಂತಿತು. ಮೇಡಂ ಓಡಿಬಂದು ರಾಚೆಟ್ ಸಡಿಲಿಸಿದರು. ಚೀಲವನ್ನು ವಾಪಸ್ ಎಳೆದುಕೊಂಡರು.

"ಯಾರು ಬಿಗಿದದ್ದು?"

"ನಾನೇ ಮೇಡಂ. ಅಣ್ಣ ನೀರಿಗೆ ತಾಗ್ತಾನೆ ಅಂತ..."

"ಹಗ್ಗ ಜೋತಿದ್ದು ಬರೀ ಅರ್ಧ ಮೀಟರ್. ಎಳೆತ ಎಷ್ಟಾಯ್ತು? ಬಾಯಲ್ಲೇ ಹೇಳು."

"ನೂರು ನಲವತ್ಲಿ ನಾಲ್ಕು ಸಾವಿರ. ಅರ್ಧದ ನಾಲ್ಕರಷ್ಟು ಎರಡು. ಭಾಗಿಸಿದ್ರೆ..." ಅವನು ವಾಲಿದ ಕಂಬದ ಕಡೆ ನೋಡಿದ. "ಎರಡು ಸಾವಿರ ಕಿಲೋ."

"ಚೀಲದ ಜಾಗದಲ್ಲಿ ಅವನಿದ್ದಿದ್ರೆ?"

ಫಿಟ್ಟರ್ ತೋಳಿನಿಂದ ಕಣ್ಣೊರೆಸಿಕೊಂಡ.

"ಅತ್ತಿದ್ದು ಸಾಕು ಮಗಾ, ಈ ಕಡೆ ಹಿಡಿ," ಎಂದು ಕಿಡಿ ಉಳಿದ ಹಗ್ಗದಿಂದ ಕಂಬವನ್ನು ಹಿಂದಿನ ಹೆಬ್ಬಂಡೆಗೆ ಜಗ್ಗಿ ಕಟ್ಟತೊಡಗಿದ. ಮೂರು ಸುತ್ತು ಹಾಕಿ, ಒದ್ದು ನೋಡಿ, ಇನ್ನೊಂದು ಸುತ್ತು ಹಾಕಿದ. ಈ ಬಾರಿ ಹಗ್ಗವನ್ನು ಹೊಳೆಯ ಅಗಲಕ್ಕಿಂತ ಅಂಗೈಯಷ್ಟು ಉದ್ದ ಬಿಟ್ಟರು. ಅಷ್ಟೇ ಸಡಿಲಕ್ಕೆ ನಡುವೆ ಒಂದೂವರೆ ಮೀಟರ್ ಜೋಲು! ಕಲ್ಲಿನ ಚೀಲ ಮತ್ತೆ ಹೋಯಿತು. ಕಂಬ ಮಿಸುಕಲಿಲ್ಲ. ಆಮೇಲೆ ಖಾಲಿ ಸ್ಟ್ರೆಚರನ್ನು ಅತ್ತಿಗೆ ಆಚೆ ದಡಕ್ಕೆ ಎಳೆದುಕೊಂಡಳು.

"ಕಟ್ಟಮ್ಮ ಗಂಡನ್ನ," ಎಂದರು ಮೇಡಂ ವಾಕಿಟಾಕಿಗೆ.

ಸ್ಟ್ರೆಚರ್ ಹೊರಟಿತು. ರಾಟೆ ಕಿರುಗುಟ್ಟಿತು. ಹಗ್ಗ ಇಳಿಯಿತು.

ಇನ್ನೂ ಇಳಿಯಿತು.

ನಡುಹೊಳೆಯಲ್ಲಿ ಒಂದು ಅಲೆ ಎದ್ದು ಸ್ಟ್ರೆಚರಿನ ಬೆನ್ನಿಗೆ ಬಡಿಯಿತು. "ಅಯ್ಯಯ್ಯೋ!" ಎಂದ ಅಣ್ಣ. ಫಿಟ್ಟರ್‌ನ ಕೈ ತಾನಾಗಿಯೇ ರಾಚೆಟ್ಟಿನ ಹಿಡಿಗೆ ಹೋಯಿತು. ಒಂದೇ ತಿರುವು. ಅಣ್ಣ ಮೇಲೇಳುತ್ತಾನೆ.

ಎರಡು ಸಾವಿರ ಕಿಲೋ.

ಹಲ್ಲು ಕಚ್ಚಿ ಕೈ ಕಿತ್ತುಕೊಂಡ. ಎಳೆಯುವ ಹಗ್ಗ ಹಿಡಿದು ಕಿಡಿಯ ಹಿಂದೆ ನಿಂತ. "ಎಳೀರಿ!"

ಇನ್ನು ಏರು. ಮೂವರೂ ಹಿಮ್ಮಡಿ ಊರಿ ಎಳೆದರು. ಅಂಗೈ ಸುಲಿಯಿತು, ಕಿಡಿ ಆಫೀಸಿನವರಿಗೆಲ್ಲ ಹೆಸರಿಟ್ಟು ಬೈಯುತ್ತಾ ಎಳೆದ, ಆ ಬೈಗುಳದ ತಾಳಕ್ಕೇ ಮೇಡಂ ಕೂಡ ಎಳೆದರು. ಸ್ಟ್ರೆಚರಿನ ಮೂತಿ ದಡಕ್ಕೆ ಬಡಿಯಿತು. ಫಿಟ್ಟರ್ ಅಣ್ಣನ ಮೇಲೆ ಬಿದ್ದು ಸೊಂಟ ತಬ್ಬಿಕೊಂಡ.

"ಲೋ, ಕಾಲು! ಕಾಲು ಬಿಟ್ಟು ತಬ್ಬಿಕೊಳ್ಳೋ!"

ಹಿಂದೆಯೇ ಅತ್ತಿಗೆಯೂ ಬಂದಳು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು.

ಕಾಡಿನ ಇಳಿಜಾರು, ಜೀಪು, ಆಸ್ಪತ್ರೆಯ ಬಿಳಿ ಕೋಣೆ. ಡಾಕ್ಟರು ಪಟ್ಟಿ ಬಿಚ್ಚಿ, ಮೂಳೆ ಸರಿಪಡಿಸಿ, ಸಂಜೆ ಹೊತ್ತಿಗೆ ಎಲ್ಲರನ್ನೂ ಒಳಗೆ ಕರೆದರು. "ಹೆಬ್ಬೆರಳು ಅಲ್ಲಾಡಿಸಿ ನೋಡೋಣ."

ಹೆಬ್ಬೆರಳು ಅಲ್ಲಾಡಿತು. ತುಸುವೇ.

"ಕಾಲು ಉಳೀತು," ಎಂದರು ಡಾಕ್ಟರು.

ಕಿಡಿ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡ. ಅಣ್ಣ ತಮ್ಮನ ಸುಲಿದ ಅಂಗೈ ಹಿಡಿದು ನೋಡಿದ.

"ಒಂದು ಬೂಟು ಆಚೆ ದಡದಲ್ಲೇ ಉಳೀತು ಕಣೋ."

"ತರ್ತೀನಿ ಬಿಡಣ್ಣ," ಎಂದ ಫಿಟ್ಟರ್. "ಎರಡೂ ಬೇಕಲ್ಲ ಇನ್ಮೇಲೆ."