ಉತ್ತರ ಬಾರದಿದ್ದರೂ ನಿಮ್ಮ ಜಾಗ ನಿಮಗೇ

"ಇದನ್ನ ಮಾಡಿದವರು ಯಾರ್ರೀ? ಒಂದೇ ಒಂದ್ಸಲ ಅವರ ಮುಖ ನೋಡ್ಬೇಕು ನಾನು!"

ಕಣ್ಣಾಸ್ಪತ್ರೆಯ ಹಾಲ್‌ನಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಕೌಂಟರ್ ಮುಂದೆ ನಿಂತವನ ಕೊರಳಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು. ಅವನು ದರ್ಜಿ, ಅಂಗಡಿಯಿಂದ ನೇರ ಬಂದಿದ್ದ. ಪಕ್ಕದಲ್ಲಿ ಅವನ ಅಮ್ಮ. ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ತಲೆ ನೀಟಾಗಿ ಬಾಚಿಕೊಂಡು, ನಾಲ್ಕಾಗಿ ಮಡಚಿದ ಚೀಟಿಯೊಂದನ್ನು ಎದೆಗೆ ಒತ್ತಿ ಹಿಡಿದಿದ್ದರು.

"ಇವತ್ತೇ ಎಡಗಣ್ಣಿನ ಆಪರೇಷನ್ ಅಂತ ಡಾಕ್ಟರೇ ಬರೆದುಕೊಟ್ಟಿದ್ದಾರೆ. ನೋಡಿ ಇಲ್ಲಿ!"

"ನೋಡಿದೆ. ಆದ್ರೆ ನಿಮ್ಮ ಫೋನಿಗೆ ಮೆಸೇಜ್ ಬಂದಿತ್ತಲ್ಲ? ಬರೋದಾದ್ರೆ ಒಂದನ್ನು ಒತ್ತಿ ಅಂತ. ನೀವು ಒತ್ತಿಲ್ಲ. ಜಾಗ ಬೇರೆಯವರಿಗೆ ಹೋಯ್ತು. ಇನ್ನು ಏಳು ತಿಂಗಳು ಬಿಟ್ಟು ಬನ್ನಿ," ಎಂದಳು ಕೌಂಟರಿನಾಕೆ.

"ಮೆಸೇಜ್ ಬಂದಿತ್ತಮ್ಮಾ..." ಎಂದರು ಆ ತಾಯಿ, ಏನೋ ತಪ್ಪು ಮಾಡಿದವರ ಹಾಗೆ. "ತಾರೀಖು ಸರಿಯಾಗೇ ಇತ್ತು. ಬರ್ತೀನಿ ಅಂತ ಡಾಕ್ಟರ ಹತ್ರ ಬಾಯಲ್ಲೇ ಹೇಳಿದ್ದೆ. ಮತ್ತೆ ಒತ್ತೋದು ಯಾಕೆ ಅಂತ ಸುಮ್ಮನಾದೆ."

ಮೂರನೇ ಸಾಲಿನಲ್ಲಿ ನೋಟ್‌ಬುಕ್ ಹಿಡಿದು ಕೂತಿದ್ದ ಹುಡುಗಿಯ ಎದೆ ಧಸಕ್ಕೆಂದಿತು.

ಯಾಕೆ ಅಂತೀರಾ? ಆ ಮೆಸೇಜಿನ ಒಂದೊಂದು ಅಕ್ಷರವನ್ನೂ ಬರೆದವಳು ಅವಳೇ!

ಅವಳ ಕೆಲಸ ಏನೆಂದು ಅವಳ ಹೆತ್ತಮ್ಮನಿಗೇ ಇನ್ನೂ ಅರ್ಥವಾಗಿಲ್ಲ ಬಿಡಿ. ಮನುಷ್ಯರು ಎಲ್ಲಿ ಮರೆಯುತ್ತಾರೆ, ಎಲ್ಲಿ ಸೋಮಾರಿಯಾಗುತ್ತಾರೆ, ಎಲ್ಲಿ ಹೆದರಿ ಹಿಂದೆ ಸರಿಯುತ್ತಾರೆ ಎಂದು ಗಮನಿಸುವುದು. ಅದಕ್ಕೆ ತಕ್ಕಂತೆ ಅರ್ಜಿ, ಪತ್ರ, ಫೋನಿನ ಪರದೆಗಳನ್ನು ರೂಪಿಸುವುದು. ಒಂದು ಬಟನ್ ಎಡಕ್ಕಿರಬೇಕೋ ಬಲಕ್ಕಿರಬೇಕೋ ಎಂದು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾಳೆಂದು ಆಫೀಸಿನಲ್ಲಿ ಎಲ್ಲರೂ 'ಬಟನ್ ಮೇಡಂ' ಎಂದೇ ಕರೆಯುತ್ತಿದ್ದರು.

ಈ ಆಸ್ಪತ್ರೆಯಲ್ಲಿ ಜನ ದಿನ ತೆಗೆದುಕೊಂಡು ಬಾರದೆ ಆಪರೇಷನ್ ಜಾಗಗಳು ಖಾಲಿ ಉಳಿಯುತ್ತಿದ್ದವು. ಅವಳು ಒಂದು ಸಣ್ಣ ನಿಯಮ ತಂದಳು. ಉತ್ತರ ಬಾರದಿದ್ದರೆ ಬರುವುದಿಲ್ಲ ಎಂದೇ ಲೆಕ್ಕ! ಖಾಲಿ ಜಾಗ ನೂರಕ್ಕೆ ಮೂವತ್ತಿದ್ದದ್ದು ಒಂಬತ್ತಕ್ಕಿಳಿಯಿತು. ಆಫೀಸಿನಲ್ಲಿ ಎಲ್ಲರೂ ಬೆನ್ನು ತಟ್ಟಿದ್ದೇ ತಟ್ಟಿದ್ದು.

ದರ್ಜಿ ನೇರ ಅವಳತ್ತ ಬಂದ. ಕಣ್ಣು ಕೆಂಪಗಾಗಿತ್ತು.

"ಮೇಡಂ, ನಿಮ್ಮ ಕೊರಳಲ್ಲಿ ಆಸ್ಪತ್ರೆ ಬ್ಯಾಡ್ಜ್ ಇದೆ. ಈ ಒಂದು ಒತ್ತಿ ಅನ್ನೋದನ್ನ ಮಾಡಿದ್ದು ಯಾರು, ನಿಮಗೆ ಗೊತ್ತಾ?"

'ನಾನೇ ಅಂತ ಹೇಳು... ಈಗಲೇ ಹೇಳು!'

ಬ್ಯಾಡ್ಜನ್ನು ಅಂಗೈಯಲ್ಲಿ ಮುಚ್ಚಿಕೊಂಡಳು.

"ಇಲ್ಲ... ನಂಗೊತ್ತಿಲ್ಲ."

ಆ ಎರಡು ಮಾತು ಮುಂದೆ ಅವಳ ನೆಮ್ಮದಿಯನ್ನೆಲ್ಲ ತಿಂದುಹಾಕಿತು.

ಆವತ್ತು ಅವಳು ಸುಮ್ಮನೆ ಕೂರಲಿಲ್ಲ. ಡಾಕ್ಟರ ಕೋಣೆಗೂ ಕೌಂಟರಿಗೂ ಹತ್ತು ಸಲ ಓಡಾಡಿ, ಅವರಿವರ ಕಾಲು ಹಿಡಿಯುವುದೊಂದು ಬಾಕಿ, ಏಳು ತಿಂಗಳನ್ನು ಆರು ವಾರಕ್ಕಿಳಿಸಿದಳು. ಆದರೆ ಆ ಕಣ್ಣಿಗೆ ಆರು ವಾರ ಕಾಯುವ ಶಕ್ತಿ ಇರಲಿಲ್ಲ.

"ಮೊದಲ ದಿನವೇ ಆಗಿದ್ರೆ ಉಳೀತಿತ್ತು," ಎಂದರು ಡಾಕ್ಟರು. "ಎಡಗಣ್ಣು ಇನ್ನು ಬರಲ್ಲ. ಬಲಗಣ್ಣನ್ನಾದ್ರೂ ಉಳಿಸಿಕೊಳ್ಳೋಣ. ದಿನ ತಿಳಿಸ್ತೀವಿ."

ಸುದ್ದಿ ಕೇಳಿದ ದಿನ ಅವಳು ಆಫೀಸಿನ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಒಬ್ಬ ದರ್ಜಿಯ ತಾಯಿ... ಆಕೆಯೂ ನಲವತ್ತು ವರ್ಷ ಸೂಜಿ ಹಿಡಿದವರು... ಆಕೆಯ ಕಣ್ಣು ನನ್ನಿಂದ ಹೋಯಿತಲ್ಲ!

ಅಂಗಡಿಗೆ ಹೋಗಿ ನಿಜ ಹೇಳಿಬಿಡೋಣ ಎಂದು ಹೊರಟವಳು ಕೈಯಲ್ಲೊಂದು ಕೋಟು ಹಿಡಿದು ಒಳಗೆ ಹೋದಳು.

"ತೋಳು ಸ್ವಲ್ಪ ಗಿಡ್ಡ ಮಾಡಿಸ್ಬೇಕಿತ್ತು..."

ಅವನು ಟೇಪು ಹಿಡಿದು ಎರಡೆರಡು ಸಲ ಅಳೆದ. "ಮೇಡಂ, ತೋಳು ಸರಿಯಾಗೇ ಇದೆಯಲ್ಲ!"

ಮುಂದಿನ ಶನಿವಾರ ಒಂದು ಪ್ಯಾಂಟು. ಅದೂ ಸರಿಯಾಗಿತ್ತು. ಅದರ ಮುಂದಿನ ಶನಿವಾರ ಅವನೇ ನಕ್ಕ. "ನಿಮ್ಮ ಮನೇಲಿ ಸರಿಯಾಗಿರೋ ಬಟ್ಟೆ ಇನ್ನೆಷ್ಟಿವೆ ಮೇಡಂ? ಒಂದೇ ಸಲ ತಂದುಬಿಡಿ, ಎಲ್ಲಾ ನೋಡಿ ಸರಿಯಾಗಿದೆ ಅಂತ ಹೇಳಿಬಿಡ್ತೀನಿ."

ಒಳಗಿನಿಂದ ಅಮ್ಮನ ದನಿ ಬಂತು. "ಸುಮ್ನಿರೋ! ಬಾ ಮಗಳೇ, ಇಲ್ಲಿ ಕೂತ್ಕೋ. ಇವನ ಮಾತು ಕಟ್ಟಿಕೊಂಡು ಏನಾಗ್ಬೇಕು?"

ಅಮ್ಮ ಬೆರಳ ತುದಿಯಲ್ಲೇ ತಡವಿ ಅಂಚು ಹೊಲಿಯಬಲ್ಲವರಾಗಿದ್ದರು. ದಾರ ಪೋಣಿಸುವುದು ಮಾತ್ರ ಆಗುತ್ತಿರಲಿಲ್ಲ. ಮಗನಿಗೆ ಗಿರಾಕಿಗಳ ನಡುವೆ ಬಿಡುವಾಗಲಿ ಎಂದು ಕಾಯುತ್ತಾ, ಬರಿ ಸೂಜಿ ಹಿಡಿದು ಕೂತಿರುತ್ತಿದ್ದರು. ಅದು ಅವಳ ಕಣ್ಣಿಗೆ ಬಿತ್ತು. ಅಂದಿನಿಂದ ಪ್ರತಿ ಶನಿವಾರ ಇಪ್ಪತ್ತು ಸೂಜಿಗೆ ದಾರ ಪೋಣಿಸಿ, ಪುಟ್ಟ ಸೂಜಿದಿಂಬಿಗೆ ಚುಚ್ಚಿಡತೊಡಗಿದಳು. ಎಡಗಡೆ ಕಪ್ಪು ದಾರ, ಬಲಗಡೆ ಬಿಳಿ. ಒಂದು ವಾರಕ್ಕೆ ಸರಿಯಾಗುತ್ತಿತ್ತು.

ಅವನು ಕತ್ತರಿ ಕೆಳಗಿಟ್ಟು ಅದನ್ನೇ ನೋಡುತ್ತಾ ನಿಂತ.

"ಹೊಸ ಮಿಷನ್ ತಂದುಕೊಟ್ಟೆ, ಕನ್ನಡಕ ತಂದುಕೊಟ್ಟೆ. ನಂಗೆ ಇದೊಂದು ಹೊಳೀಲಿಲ್ಲ ನೋಡಿ!" ಎಂದವನು ಮೆಲ್ಲಗೆ ಸೇರಿಸಿದ, "ನಿಮ್ಮಂಥವರು ಆ ಮೆಸೇಜ್ ಬರೆದಿದ್ರೆ ಅಮ್ಮಂಗೆ ಈ ಗತಿ ಬರ್ತಿರಲಿಲ್ಲ."

ಸೂಜಿ ಅವಳ ಬೆರಳಿಗೇ ಚುಚ್ಚಿತು. ಅವನು ಓಡಿ ಬಂದು ಕೈ ಹಿಡಿದುಕೊಂಡ. ಮುಖ ಹತ್ತಿರವೇ ಇತ್ತು.

"ತುಂಬಾ ನೋವಾಯ್ತಾ?"

"ಹೂಂ... ತುಂಬಾ."

ಎಷ್ಟು ಸಲ ನಿಜ ನಾಲಿಗೆ ತುದಿಗೆ ಬಂತೋ ಲೆಕ್ಕವಿಲ್ಲ. ಮೊದಮೊದಲು ಹೆದರಿಕೆ. ಆಮೇಲೆ ಪ್ರೀತಿ. ಪ್ರೀತಿ ಹುಟ್ಟಿದ ಮೇಲಂತೂ ಹೆದರಿಕೆ ಇಮ್ಮಡಿಯಾಯಿತು. ಪಾಪದ ಹುಡುಗಿ ಅಂತೀರಾ? ಪಾಪವೂ ಹೌದು, ತಪ್ಪಿತಸ್ಥೆಯೂ ಹೌದು. ಮೂರು ತಿಂಗಳು ಸುಮ್ಮನಿದ್ದದ್ದು ಸಣ್ಣ ತಪ್ಪೇನಲ್ಲ.

ಹಾಗೆಂದು ಕೈಕಟ್ಟಿ ಕೂತಿರಲೂ ಇಲ್ಲ. ಊಟದ ಬಿಡುವಿನಲ್ಲಿ, ಪಟ್ಟಿಯಿಂದ ಹೊಡೆದುಹಾಕಿದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ, ಆ ದಿನ ಏನಾಯಿತೆಂದು ಕೇಳಿ ನೋಟ್‌ಬುಕ್ಕಿಗೆ ಬರೆದುಕೊಳ್ಳುತ್ತಿದ್ದಳು.

ಒಂದು ಶನಿವಾರ ಅವನು ಬಾಗಿಲವರೆಗೆ ಬಂದ.

"ನಿಮ್ಮನ್ನ ಒಂದು ಮಾತು ಕೇಳ್ಬೇಕು. ಇವತ್ತು ಧೈರ್ಯ ಸಾಲ್ತಿಲ್ಲ. ಮುಂದಿನ ಶನಿವಾರ ಕೇಳ್ತೀನಿ."

ಅವಳಿಗೆ ಗೊತ್ತಾಯಿತು. ಅವನ ಪ್ರಶ್ನೆಗಿಂತ ಮೊದಲು ನನ್ನ ಮಾತು ಮುಗಿದಿರಬೇಕು ಎಂದು ಗಟ್ಟಿ ಮನಸ್ಸು ಮಾಡಿದಳು. ಆ ಗಡಿಬಿಡಿಯಲ್ಲಿ ನೋಟ್‌ಬುಕ್ಕನ್ನು ಅಂಗಡಿಯಲ್ಲೇ ಮರೆತು ಬಂದಳು.

ಆದರೆ ಶನಿವಾರಕ್ಕೆ ಮೊದಲು ಗುರುವಾರ ಬರುತ್ತದಲ್ಲ! ಬಲಗಣ್ಣಿನ ತಪಾಸಣೆಗೆ ಅಮ್ಮನನ್ನು ಕರೆತಂದವನು ಹಾಲ್‌ನಲ್ಲಿ ತಲೆ ಎತ್ತಿದ. ಗೋಡೆಯ ಮೇಲೆ ಆಳೆತ್ತರದ ಹೊಸ ಪೋಸ್ಟರ್. ಅದರಲ್ಲಿ ನಗುತ್ತಿರುವ ಅವಳ ಮುಖ. ಕೆಳಗೆ ದಪ್ಪಕ್ಷರದಲ್ಲಿ, 'ಒಂದೇ ಒಂದು ಮೆಸೇಜ್, ಎಂಥಾ ಬದಲಾವಣೆ!'

ಶನಿವಾರ ಅಂಗಡಿಯಲ್ಲಿ ಮಿಷನ್ ಸದ್ದಿರಲಿಲ್ಲ. ಕತ್ತರಿಸುವ ಮೇಜಿನ ಮೇಲೆ ನೋಟ್‌ಬುಕ್ ತೆರೆದುಬಿದ್ದಿತ್ತು.

"ನಮ್ಮಮ್ಮ ಏನಂದ್ರು, ಹೇಗೆ ಸೂಜಿ ತಡಕಾಡಿದ್ರು, ಒಂದೂ ಬಿಡದೆ ಬರ್ಕೊಂಡಿದೀರಿ," ಎಂದ ಅವನು. ದನಿ ಏರಲೇ ಇಲ್ಲ, ಅದೇ ಭಯವಾಗುತ್ತಿತ್ತು. "ಕಣ್ಣು ಕಿತ್ಕೊಂಡಿದ್ದು ಸಾಲದು ಅಂತ, ಕಣ್ಣಿಲ್ಲದೆ ಹೇಗೆ ಬದುಕ್ತಾರೆ ಅಂತ ನೋಡೋಕೆ ಬರ್ತಿದ್ರಾ? ನಾವೇನು ನಿಮ್ಮ ಪರೀಕ್ಷೆಯ ಇಲಿಗಳಾ?"

"ಅಲ್ಲ... ದೇವರಾಣೆಗೂ ಅಲ್ಲ! ಆ ಮೆಸೇಜ್ ಬರೆದಿದ್ದು ನಾನೇ, ಅದು ನಿಜ. ಆದ್ರೆ..."

"ಯಾರು ಮಾಡಿದ್ದು ಅಂತ ಮೊದಲ ದಿನವೇ ಕೇಳಿದ್ದೆ. ಗೊತ್ತಿಲ್ಲ ಅಂದ್ರಿ! ಸರಿಯಾಗಿರೋ ಕೋಟು ಹಿಡ್ಕೊಂಡು ಬಂದಾಗಲೇ ನಂಗೆ ತಿಳೀಬೇಕಿತ್ತು."

ಅಮ್ಮ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಬಾ ಮಗಳೇ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅವಳು ನೋಟ್‌ಬುಕ್ ಅಲ್ಲೇ ಬಿಟ್ಟು ಮೆಟ್ಟಿಲಿಳಿದಳು.

ಬಸ್‌ಸ್ಟಾಪಿನ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಬರೆದಳು. 'ಸುಳ್ಳು ಹೇಳಿದೆ, ಹೆದರಿ ಹೇಳಿದೆ. ಪರೀಕ್ಷೆ ಮಾಡೋಕೆ ಬರಲಿಲ್ಲ. ಮೊದಲು ತಪ್ಪು ಒಪ್ಪಿಕೊಳ್ಳೋಕೆ ಬಂದೆ. ಆಮೇಲೆ ನಿಮ್ಮ ಮೇಲಿನ ಪ್ರೀತಿಗೆ ಬಂದೆ. ಇನ್ನೊಂದು ಸಲ ಬರಬಹುದಾ?'

ಅವನು ಓದಿದ್ದು ಕಾಣಿಸಿತು. ಉತ್ತರ ಬರಲಿಲ್ಲ.

ಸೋಮವಾರ ಆಫೀಸಿನಲ್ಲಿ ದೊಡ್ಡ ಸಾಹೇಬರ ಮುಖ ಅರಳಿತ್ತು. "ಇನ್ನು ಎಲ್ಲಾ ಆಸ್ಪತ್ರೆಗೂ ಇದೇ ನಿಯಮ! ಬಟನ್ ಮೇಡಂ, ಎರಡು ಮಾತಾಡಿ."

ಅವಳು ಎದ್ದು ನಿಂತಳು. ನೋಟ್‌ಬುಕ್ ಇರಲಿಲ್ಲ, ಆದರೆ ಅದರಲ್ಲಿದ್ದುದೆಲ್ಲ ಬಾಯಿಪಾಠವಾಗಿತ್ತು.

"ಸರ್, ಜನ ಸರಿಯಾಗಿ ಬರೋ ಹಾಗಾಗಿಲ್ಲ. ಬರೋರನ್ನ ನಾವೇ ಹೊಡೆದುಹಾಕಿದೀವಿ. ಇನ್ನೂರ ಹನ್ನೆರಡು ಜನರ ಹತ್ರ ನಾನೇ ಮಾತಾಡಿದೆ. ನೂರ ನಲವತ್ತು ಜನ ಆ ದಿನ ಬಾಗಿಲವರೆಗೆ ಬಂದು ವಾಪಸ್ ಹೋಗಿದಾರೆ. ಹೆಚ್ಚಿನವರು ವಯಸ್ಸಾದವರು. ಒಬ್ಬರ ಕಣ್ಣೇ ಹೋಗಿದೆ. ಉತ್ತರ ಬರಲಿಲ್ಲ ಅಂದ್ರೆ ಬರಲ್ಲ ಅಂತ ತಿಳ್ಕೊಂಡಿದ್ದು ನನ್ನ ತಪ್ಪು."

"ಏನಮ್ಮಾ ಇದು! ಪೋಸ್ಟರ್ ಬೇರೆ ಅಂಟಿಸಿದೀವಿ!"

"ಕಿತ್ತು ಹಾಕಿ ಸರ್."

ಸಾಹೇಬರು ಮುಖ ಸಿಂಡರಿಸಿದರು, ಗೊಣಗಿದರು, ಕೊನೆಗೆ ಒಂದು ತಿಂಗಳು ಕೊಟ್ಟರು. ಈ ಆಸ್ಪತ್ರೆಯಲ್ಲಿ ನಿಯಮ ತಲೆಕೆಳಗು ಮಾಡಿ ನೋಡುವುದು, ಉತ್ತರ ಬಾರದಿದ್ದರೂ ಬರುತ್ತಾರೆ ಎಂದೇ ಲೆಕ್ಕ. ಜಾಗ ಖಾಲಿ ಬಿದ್ದರೆ ಹೊಣೆ ಅವಳದ್ದೇ.

ಅವಳು ಹಾಲ್‌ನಲ್ಲೇ ಒಂದು ಮೇಜು ಹಾಕಿಸಿಕೊಂಡು ಕೂತಳು. ಎರಡು ದಿನ ಮುಂಚೆಯೇ ಒಬ್ಬೊಬ್ಬರಿಗೂ ತಾನೇ ಫೋನ್ ಮಾಡಿ, "ಬರ್ತೀರಲ್ವಾ?" ಎಂದು ಕೇಳುತ್ತಿದ್ದಳು. ದರ್ಜಿಯ ಮನೆಯ ನಂಬರ್ ಬಂದಾಗ ಮಾತ್ರ ಧೈರ್ಯ ಸಾಲದೆ ಪಕ್ಕದ ನರ್ಸಮ್ಮನ ಕೈಗೆ ಫೋನ್ ಕೊಟ್ಟಳು.

ಮೂರು ವಾರ ಕಳೆಯಿತು. ಅವನಿಂದ ಒಂದಕ್ಷರ ಇಲ್ಲ.

'ಉತ್ತರ ಬರಲಿಲ್ಲ ಅಂದ್ರೆ ಬರಬೇಡ ಅಂತ ತಾನೇ... ನನ್ನ ನಿಯಮ ನನಗೇ ಬಂತು. ಆಗಬೇಕಾದ್ದೇ!'

ಬಲಗಣ್ಣಿನ ಆಪರೇಷನ್ ದಿನ ಬೆಳಿಗ್ಗೆ ಅವಳು ತಲೆ ಬಗ್ಗಿಸಿ ಪಟ್ಟಿ ನೋಡುತ್ತಿದ್ದಳು. ಮೇಜಿನ ಮೇಲೆ ಸೂಜಿದಿಂಬು ಬಂದು ಕೂತಿತು. ಒಂದು ಸೂಜಿಗೂ ದಾರವಿರಲಿಲ್ಲ.

"ಖಾಲಿಯಾಗಿ ಮೂರು ವಾರ ಆಯ್ತು," ಎಂದರು ಅಮ್ಮ.

ಅವಳು ಧಡಕ್ಕನೆ ಎದ್ದಳು. "ಅಮ್ಮಾ, ನನ್ನ..."

"ಕ್ಷಮಿಸಿ ಅಂತ ಕೇಳ್ಬೇಡ. ಹೋದ ಕಣ್ಣು ಹೋಯ್ತು. ನಂಗೆ ಸಿಟ್ಟಿದೆ, ಇಲ್ಲ ಅಂತ ಸುಳ್ಳು ಹೇಳಲ್ಲ. ಸಿಟ್ಟಿದ್ರೂ ಹೊಲಿಯೋಕೆ ಸೂಜಿ ಬೇಕಲ್ಲ? ನಾನು ಒಳಗಿಂದ ಬರೋಷ್ಟರಲ್ಲಿ ಇಪ್ಪತ್ತೂ ಆಗಿರಲಿ, ಮಗಳೇ."

ಮಗಳೇ! ಆ ಮಾತಿಗೆ ಅವಳ ಕಣ್ಣು ತುಂಬಿ ಹರಿಯಿತು. ನರ್ಸಮ್ಮ ಅಮ್ಮನನ್ನು ಒಳಗೆ ಕರೆದೊಯ್ದರು.

ಅವನು ಎದುರಿನ ಕುರ್ಚಿಯಲ್ಲಿ ಕೂತು, ಜೇಬಿನಿಂದ ದಾರದ ಉಂಡೆ ತೆಗೆದ. ಜೊತೆಗೆ ಅವಳ ನೋಟ್‌ಬುಕ್.

"ಆವತ್ತು ಎರಡೇ ಪುಟ ಓದಿ ರೇಗಿದೆ. ಆಮೇಲೆ ಪೂರ್ತಿ ಓದಿದೆ. ಇನ್ನೂರ ಹನ್ನೆರಡು ಜನ..." ಅವನು ಪುಟ ತಿರುಗಿಸಿದ. "ಒಂದೊಂದು ಶನಿವಾರದ ಕೆಳಗೂ 'ಇವತ್ತು ಹೇಳಲೇಬೇಕು' ಅಂತ ಬರ್ದಿದೀರಿ. ಅದರ ಕೆಳಗೆ 'ಹೇಳಲಿಲ್ಲ'. ಹನ್ನೊಂದು ಸಲ!"

ಅವಳು ಸೂಜಿಗೆ ದಾರ ಹಾಕಲು ಹೊರಟಳು. ದಾರದ ತುದಿ ಎಳೆ ಬಿಟ್ಟು ಒಳಗೆ ಹೋಗಲಿಲ್ಲ.

"ನನ್ನ ಮೆಸೇಜಿಗೆ ನೀವು ಉತ್ತರ ಕೊಡ್ಲಿಲ್ಲ. ಬರಬೇಡ ಅಂತ ಅರ್ಥ ಮಾಡ್ಕೊಂಡೆ."

"ಯಾವ ನಿಯಮದ ಪ್ರಕಾರ?" ಅವನು ಅಮ್ಮನ ಫೋನ್ ಮುಂದೆ ಹಿಡಿದ. ಅವಳೇ ಬರೆದ ಹೊಸ ಮೆಸೇಜ್. 'ನಿಮ್ಮ ಜಾಗ ನಿಮಗೇ ಇದೆ. ಉತ್ತರ ಬೇಕಿಲ್ಲ, ಬನ್ನಿ. ಬರಲು ಆಗದಿದ್ದರೆ ಮಾತ್ರ ತಿಳಿಸಿ.'

"ಬರಬೇಡಿ ಅಂತ ನಾನು ತಿಳಿಸಿದ್ನಾ?"

ಅವಳು ಬಿಕ್ಕಿದಳು. ಅವನು ದಾರದ ತುದಿ ಹೊಸೆದು ಅವಳ ಕೈಗೆ ಕೊಟ್ಟ.

"ಸಿಟ್ಟು ನಂಗೂ ಪೂರ್ತಿ ಇಳಿದಿಲ್ಲ. ನಿಧಾನಕ್ಕೆ ಇಳೀತದೆ. ಸುಳ್ಳು ಮಾತ್ರ ಇನ್ನೊಂದು ಸಲ ಬೇಡ."

"ಇಲ್ಲ. ಯಾವತ್ತೂ ಇಲ್ಲ."

"ಹಾಗಾದ್ರೆ ಶನಿವಾರದ ಪ್ರಶ್ನೆ ಇವತ್ತು ಕೇಳ್ತೀನಿ. ನನ್ನ ಮದುವೆ ಆಗ್ತೀರಾ? ಉತ್ತರ ಬೇಕಿಲ್ಲ. ಆಗೋದಿಲ್ಲ ಅಂದ್ರೆ ಮಾತ್ರ ತಿಳಿಸಿ."

ಅವಳು ಸುಮ್ಮನಿದ್ದಳು. ಒಂದು ಸೂಜಿಗೆ ದಾರ ಏರಿತು. ಚುಚ್ಚಿಟ್ಟಳು. ಅವನ ತುಟಿಯಲ್ಲಿ ನಗು ಮೂಡುವಷ್ಟರಲ್ಲಿ ತಲೆಯಾಡಿಸಿದಳು.

"ಬೇಡ. ನೀವಾಗಿ ಅರ್ಥ ಮಾಡ್ಕೊಳ್ಳೋದು ಬೇಡ. ಅಮ್ಮ ಡಾಕ್ಟರಿಗೆ ಹೇಳಿದ ಹಾಗೆ ಬಾಯಲ್ಲೇ ಹೇಳ್ತೀನಿ. ಆಗ್ತೀನಿ!"

"ಒಂದನ್ನು ಒತ್ತೋದು ಬೇಡ್ವಾ ಹಾಗಾದ್ರೆ?"

ಅವಳು ಅಳುತ್ತಲೇ ನಕ್ಕು ಅವನ ಕೈಯನ್ನು ಗಟ್ಟಿಯಾಗಿ ಒತ್ತಿದಳು.

"ಸಾಕಾ?"

"ಸಾಕು. ಈಗ ಬೇಗ ಬೇಗ ಪೋಣಿಸಿ. ಅಮ್ಮ ಬಂದು ಎಣಿಸ್ತಾರೆ."

ಇನ್ನೂ ಹತ್ತೊಂಬತ್ತು ಸೂಜಿ ಬಾಕಿ ಇದ್ದವು.