ಬೆಳೆಯುವ ಕೈಗೆ ಮಾಡಿದ ಹಿಡಿ

ಹದಿನಾಲ್ಕು ರಾಜರು ತಮ್ಮ ಖಡ್ಗವನ್ನು ಮೊದಲು ನನ್ನ ಕೈಯಲ್ಲಿ ತೂಗಿಸಿ, ನಾನು ಹೂಂ ಅಂದಮೇಲೇ ಸೊಂಟಕ್ಕೆ ಕಟ್ಟುತ್ತಿದ್ದರು. ಬೇಕಾದರೆ ಅವರನ್ನೇ ಕೇಳಬಹುದಿತ್ತು. ಒಬ್ಬರೂ ಈಗ ಉಳಿದಿಲ್ಲ. ನನಗೆ ಅಕ್ಷರ ಬಾರದು, ಅಲಗು ಓದಲು ಬರುತ್ತದೆ. ಅದಕ್ಕೇ ಈ ಕತೆ ನಾನೇ ಹೇಳಬೇಕು.

ಬೆಟ್ಟಗಳು ಇನ್ನೂ ನಡೆದಾಡುತ್ತಿದ್ದ ಕಾಲ. ಅರೆಹೊಳಲು ಅಂತ ಒಂದು ರಾಜ್ಯ. ಅಲ್ಲಿನ ಗವಿಯಲ್ಲಿ ಕುಂದುಗಣ್ಣ ಅನ್ನುವ ಮಾಂತ್ರಿಕ. ವರ್ಷಕ್ಕೊಬ್ಬರು ಹೊಸ ಖಡ್ಗ ಹಿಡಿದು ಅವನ ಮುಂದೆ ನಿಲ್ಲಬೇಕು, ಇಲ್ಲದಿದ್ದರೆ ಒಂದು ಕೇರಿಗೆ ಕೇರಿಯೇ ಕಲ್ಲು. ಅವನು ಖಡ್ಗವನ್ನು ಮೆಚ್ಚಿ ನೋಡುವನು, ಆಮೇಲೆ ಅದರ ಕುಂದು ಹೇಳುವನು. ಕುಂದು ನಿಜವಾದರೆ ಖಡ್ಗ ಚೂರು, ಹಿಡಿದವನು ಕಲ್ಲು. ಇಲ್ಲದ ಕುಂದು ಹೇಳಿದರೆ ಅವನೇ ಪುಡಿ. ಆಗಲೇ ನೂರು ಮಂದಿ ಅಲ್ಲಿ ಕಲ್ಲಾಗಿ ನಿಂತಿದ್ದರು.

ಆ ಊರಲ್ಲಿ ಖಡ್ಗ ಬಡಿಯುವವಳು ಈರಮ್ಮ. ಗಂಡ ಸತ್ತಮೇಲೆ ಕುಲುಮೆ ಅವಳದೇ.

ಒಂದು ವರ್ಷ ಯುವರಾಜ ಬಂದ. "ಹಿಡಿಗೆ ಚಿನ್ನ ಹೊದಿಸು, ಕೆಂಪು ಹರಳು ಕೂರಿಸು" ಅಂದ. ಈರಮ್ಮ ಬೇಡ ಅಂದಳು, ಅವನು ಕೇಳಲಿಲ್ಲ. ಜನ ಗವಿಬಾಗಿಲಲ್ಲಿ ನಿಂತು ಕಿವಿಗೊಟ್ಟರು.

"ಅಲಗು ಚೆಂದ, ಹದ ಚೆಂದ" ಅಂದ ಕುಂದುಗಣ್ಣ. "ಆದರೆ ಕೈ ಬೆವೆತರೆ ಚಿನ್ನ ಜಾರುತ್ತದೆ."

ಖಡ್ಗ ಚೂರಾಯಿತು. ಯುವರಾಜ ಕಲ್ಲಾದ.

ಮರುವರ್ಷ ದಳವಾಯಿ ಬಂದ. "ಒಂದೇ ಏಟಿಗೆ ಆನೆ ಎರಡಾಗಬೇಕು, ಅಷ್ಟುದ್ದದ್ದು ಬಡಿ" ಅಂದ. ಅಷ್ಟುದ್ದದ್ದೇ ಬಡಿದಳು.

"ಅಲಗು ಚೆಂದ, ಹದ ಚೆಂದ. ಆದರೆ ತೂಕವೆಲ್ಲ ಮೊನೆಯಲ್ಲಿದೆ. ಒಂದು ಸಲ ಬೀಸಿದರೆ ಎರಡನೇ ಸಲ ಎತ್ತಲಾರೆ."

ಖಡ್ಗ ಚೂರಾಯಿತು. ದಳವಾಯಿ ಕಲ್ಲಾದ. ಕುಂದುಗಣ್ಣ ಹೇಳಿದ್ದು ಸರಿಯೇ ಅನ್ನಿ. ನಾನಾಗಿದ್ದರೆ ದೂರದಿಂದ ನೋಡಿಯೇ ಹೇಳುತ್ತಿದ್ದೆ.

ಮೂರನೇ ವರ್ಷ ಸರದಿ ಬಂದದ್ದು ಈರಮ್ಮನ ಒಬ್ಬನೇ ಮಗ ಮೋನಪ್ಪನಿಗೆ. ಹದಿನಾರು ವರ್ಷ. ಅವಳು ಊಟ ಬಿಟ್ಟು ಬಡಿದಳು. ಚಿನ್ನವಿಲ್ಲ, ಅತಿಯಾದ ಉದ್ದವಿಲ್ಲ, ಒಂದು ಬೆರಳ ಮೇಲೆ ಇಟ್ಟರೆ ತಕ್ಕಡಿಯ ಹಾಗೆ ನಿಲ್ಲುವ ಖಡ್ಗ. ಮೋನಪ್ಪ ಹಿಡಿದು ನೋಡಿದ.

"ಅವ್ವ, ಹಿಡಿ ಒಂಚೂರು ಸಡಿಲ."

"ಬೆಳೆಯೋ ಕೈ ಕಣೋ. ಬರೋ ವರ್ಷಕ್ಕೆ ಸರಿಹೋಗ್ತದೆ."

"ಅಂಗಿ ಅಂದ್ಕೊಂಡೆಯಾ? ಇದರ ತೋಳು ಮಡಚೋಕೆ ಬರಲ್ಲವ್ವ" ಅಂತ ನಕ್ಕ. ಅವಳೂ ನಕ್ಕಳು. ಅವನ ಅಂಗಿಗಳನ್ನೂ ಅವಳು ಹಾಗೇ, ಬೆರಳಗಲ ಹೆಚ್ಚಿಗೆ ಹೊಲಿಸುತ್ತಿದ್ದಳು. ಬರುವ ವರ್ಷವೂ ಮಗ ಇರುತ್ತಾನೆ ಅನ್ನುವುದು ಅವಳ ಅಳತೆ.

ಗವಿಯೊಳಗಿಂದ ದನಿ ಬಂತು. "ಅಲಗು ಚೆಂದ, ಹದ ಚೆಂದ. ಆದರೆ ಹಿಡಿ ದೊಡ್ಡದು."

ಖಡ್ಗ ಚೂರಾದ ಸದ್ದನ್ನು ಈರಮ್ಮ ಹೊರಗೆ ನಿಂತು ಕೇಳಿದಳು.

ಮನೆಗೆ ಬಂದು ಮಗನ ಸುತ್ತಿಗೆ ಕೈಗೆತ್ತಿಕೊಂಡಳು. ಹಿಡಿದು ಹಿಡಿದು ಅದರ ಮರದ ಕಾವಿನಲ್ಲಿ ಅವನ ಬೆರಳುಗಳ ತಗ್ಗು ಬಿದ್ದಿತ್ತು. ಆ ತಗ್ಗಿಗೆ ಮೇಣ ಒತ್ತಿ ಅಳತೆ ತೆಗೆದಳು. ವರ್ಷ ಪೂರ್ತಿ ಒಂದೇ ಖಡ್ಗ ಬಡಿದಳು. ನಾಲ್ಕನೇ ವರ್ಷ ತಾನೇ ಹೊರಟಳು. ಹಿಂದೆ ಒಬ್ಬರೂ ಹೋಗಲಿಲ್ಲ, ಜನ ಹೆದರಿ ಬಾಗಿಲು ಹಾಕಿಕೊಂಡಿದ್ದರು.

ಕುಂದುಗಣ್ಣ ಅಲಗನ್ನು ಮೂರು ಸಲ ತಿರುವಿದ. ಕೂದಲು ಕತ್ತರಿಸಿ ನೋಡಿದ, ಬಗ್ಗಿಸಿ ನೋಡಿದ, ತಟ್ಟಿ ನಾದ ಕೇಳಿದ. ಏನೂ ಸಿಗಲಿಲ್ಲ. ಕೊನೆಗೆ ಅವಳ ಕೈ ನೋಡಿದ.

"ಹಿಡಿ ಚಿಕ್ಕದು."

ಖಡ್ಗ ಮುರಿಯಲಿಲ್ಲ.

"ಅದು ನನ್ನ ಕೈಗೆ ಮಾಡಿದ್ದಲ್ಲ" ಅಂದಳು ಈರಮ್ಮ. ಮೋನಪ್ಪ ಕೈ ಬಿಚ್ಚಿಕೊಂಡೇ ಕಲ್ಲಾಗಿದ್ದ. ಆ ಅಂಗೈಯಲ್ಲಿ ಖಡ್ಗ ಇಟ್ಟಳು. ಕಲ್ಲಿನ ಬೆರಳುಗಳು ಒಂದೊಂದಾಗಿ ಮಡಚಿ ಹಿಡಿಯನ್ನು ಹಿಡಿದವು. ಕೂದಲೆಳೆಯಷ್ಟೂ ಸಂದಿಲ್ಲ.

ಕುಂದುಗಣ್ಣ ಕಾಲಿಂದ ಕತ್ತಿನವರೆಗೆ ಪುಡಿಯಾದ. ಉಳಿದ ಬಾಯಿ ಮಾತಾಡಿತು.

"ಈರಮ್ಮ, ಈ ಕೈ ಕಲ್ಲಾಗಿರೋವರೆಗೆ ಹಿಡಿ ಸರಿ. ನಿನ್ನ ಮಗ ಎದ್ದರೆ ಕೈ ಬೆಳೀತದೆ. ಬೆಳೆದರೆ ಹಿಡಿ ಚಿಕ್ಕದಾಗ್ತದೆ, ನನ್ನ ಮಾತು ನಿಜವಾಗ್ತದೆ, ನಾನೂ ಏಳ್ತೀನಿ. ಖಡ್ಗ ಕಿತ್ತುಕೊಂಡರೆ ಇವನು ಏಳ್ತಾನೆ, ಮನೆಗೆ ಕರ್ಕೊಂಡು ಹೋಗು, ಮಿಕ್ಕವರು ಕಲ್ಲಾಗೇ ಇರಲಿ. ಬಿಟ್ಟುಹೋದರೆ ಮಿಕ್ಕವರೆಲ್ಲ ಏಳ್ತಾರೆ. ಇವನೊಬ್ಬ ಏಳಲ್ಲ."

ಅವಳು ಹಿಡಿಯ ಮೇಲೆ ಕೈಯಿಟ್ಟಳು. ಸುತ್ತ ನೂರೆರಡು ಕಲ್ಲುಗಳು. ಅವರ ಅವ್ವಂದಿರಲ್ಲಿ ಎಷ್ಟೋ ಮಂದಿ ದಿನಾ ಬಾವಿಕಟ್ಟೆಯಲ್ಲಿ ಅವಳ ಪಕ್ಕ ನೀರು ಸೇದುವವರು.

ಕೈ ತೆಗೆದಳು.

"ಈಗ ಸರಿಯಾಗಿದೆಯೇನಪ್ಪ ಹಿಡಿ?" ಅಂತ ಮಗನನ್ನು ಕೇಳಿದಳು.

ಬಾಯಿಯೂ ಪುಡಿಯಾಯಿತು. ನೂರೆರಡು ಮಂದಿ ಕಣ್ಣುಜ್ಜಿಕೊಂಡು ಎದ್ದರು. ಅವರಿಗೆ ಕಲ್ಲಾಗಿದ್ದೂ ನೆನಪಿಲ್ಲ, ಏನೂ ಕೇಳಿಸಿಯೂ ಇರಲಿಲ್ಲ. ಊರಲ್ಲಿ ಡೊಳ್ಳು, ಮನೆಮನೆಯಲ್ಲಿ ಹೋಳಿಗೆ. ಯುವರಾಜ ಪಟ್ಟವೇರಿ ಚೆನ್ನಾಗಿ ಆಳಿದ, ಎಲ್ಲರೂ ಸುಖವಾಗಿದ್ದರು. ಈರಮ್ಮ ಮಾತ್ರ ಕುಡುಗೋಲು, ನೇಗಿಲ ಕುಳ ಬಿಟ್ಟು ಬೇರೇನೂ ಬಡಿಯಲಿಲ್ಲ. ವಾರಕ್ಕೊಮ್ಮೆ ಗವಿಗೆ ಹೋಗಿ, ತುಕ್ಕು ಹಿಡಿಯದಂತೆ ಅಲಗಿಗೆ ಎಣ್ಣೆ ಹಚ್ಚಿ, ಅದೇ ಕೈಯಲ್ಲಿ ಮಗನ ತಲೆಗೂ ಹಚ್ಚಿ ಬರುತ್ತಿದ್ದಳು. ಒಳಗೆ ಏನಾಯಿತು ಅಂತ ಸಾಯುವವರೆಗೂ ಯಾರಿಗೂ ಹೇಳಲಿಲ್ಲ.

ಅವರೆಕಾಯಿ ಸುಲಿಯುತ್ತ ಕೇಳುತ್ತಿದ್ದ ಎದುರುಮನೆ ಚೆಲುವಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಆಮೇಲೆ ನನ್ನ ಮುಖ ನೋಡಿದಳು.

"ಅಲ್ಲ ತಾತ, ಅವಳು ಬಾಯಿ ಬಿಡಲಿಲ್ಲ, ಅವನು ಪುಡಿಯಾದ, ಮಿಕ್ಕವರು ಕಲ್ಲು. ಗವಿಯೊಳಗಿನ ಮಾತು ನಿನಗೆ ಯಾರು ಹೇಳಿದ್ರು?"

ಯಾರಿಗೆ ಗೊತ್ತು ಅನ್ನುವ ಹಾಗೆ ನಾನು ಕೈ ತಿರುವಿದೆ.

"ಯಾರೋ ಹೇಳಿರ್ತಾರೆ ಬಿಡವ್ವ."